ಟ್ಯಾಂಕರ್ ನೀರು, ಕಿತ್ತಳೆ ಕೂದಲು, ಕಪ್ಪಾಗುವ ಓಲೆ

ಈ ಸಲದ ‘ಅಂದ-ಚಂದ’ ಅಂಕಣಕ್ಕೆ ಮುಂಬೈ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ನೀರು, ಬೆವರು, ಉಪ್ಪುಗಾಳಿಯ ದೂರುಗಳೇ ಹೆಚ್ಚು. ಪಾರ್ಲರ್‌ಗೆ ಹೋಗದೆ, ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ ಆಗಬೇಕು ಎಂಬುದು ಬಹುತೇಕ ಎಲ್ಲರ ಷರತ್ತು.

ಪ್ರಶ್ನೆ: ಬೆಳಗಾವಿಯಿಂದ ಪುಣೆಗೆ ಬಂದ ಮ್ಯಾಲೆ ಕೂದಲ ನಾರಿನಂಗ ಆಗ್ಯಾವ್ರೀ. ನಮ್ಮ ಸೊಸಾಯಿಟಿಗೆ ಟ್ಯಾಂಕರ್ ನೀರು. ಶಾಂಪೂ ಸರಿಯಾಗಿ ನೊರಿ ಬರಂಗಿಲ್ಲ, ಬಾಚಿದ್ರ ಕೂದಲ ಕೈಗೆ ಬರ್ತಾವ. ಶಾವರಿಗೆ ಹಾಕೋ ಫಿಲ್ಟರ್ ತಗೊಳ್ಳಲೇನ್ರಿ? ಭಾಳ ತುಟ್ಟಿ ಅದ. — ವಿ. ಎಂ., ವಾಕಡ್, ಪುಣೆ

ಫಿಲ್ಟರ್ ತೆಗೆದುಕೊಳ್ಳುವ ಮೊದಲು ನೀರನ್ನು ಪರೀಕ್ಷೆ ಮಾಡಿ ನೋಡಿ. ಒಂದು ಪ್ಲಾಸ್ಟಿಕ್ ಬಾಟಲಿಗೆ ಅರ್ಧದಷ್ಟು ನಲ್ಲಿ ನೀರು, ಇನ್ನೊಂದಕ್ಕೆ ಅಷ್ಟೇ ಆರ್‌ಓ ನೀರು ಹಾಕಿ. ಮೈಸೋಪನ್ನು ಉಗುರಿನಷ್ಟು ಕೆರೆದು ಎರಡಕ್ಕೂ ಸಮವಾಗಿ ಹಾಕಿ ಕುಲುಕಿ. ಆರ್‌ಓ ನೀರಿನಲ್ಲಿ ನೊರೆ ನಿಂತು, ನಲ್ಲಿ ನೀರು ನೊರೆಯಿಲ್ಲದೆ ಮಜ್ಜಿಗೆಯಂತೆ ಬೆಳ್ಳಗಾದರೆ ಅದು ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಂದಿಗೆ ಕೂಡಿ ಕರಗದ ಜಿಡ್ಡಾಗುತ್ತವೆ. ಬಕೆಟ್ಟಿನ ಒಳಗೆ ಬಿಳಿ ಪಟ್ಟೆ ಕೂರಿಸುವ ಈ ಲವಣಗಳೇ ಕೂದಲ ಮೇಲೂ ಕೂತು ಅದನ್ನು ಒರಟು ಮಾಡುತ್ತವೆ.

ಶಾವರ್‌ಗೆ ಸಿಕ್ಕಿಸುವ ಸಾಮಾನ್ಯ ಫಿಲ್ಟರ್ ಕ್ಲೋರಿನ್, ಕೆಸರನ್ನು ಸ್ವಲ್ಪ ಹಿಡಿಯಬಹುದು. ಗಡಸುತನ ತೆಗೆಯುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಬೇಕು, ಅದು ಇಡೀ ಕಟ್ಟಡಕ್ಕೆ ಹಾಕಿಸುವಂಥದ್ದು. ಕೆಲವರು ಬಕೆಟ್ಟಿಗೆ ಪಟಕ ಹಾಕುತ್ತಾರೆ. ಪಟಕದಿಂದ ಮಣ್ಣು ತಳಕ್ಕಿಳಿಯುತ್ತದೆ, ಗಡಸುತನ ಹೋಗುವುದಿಲ್ಲ.

ತಲೆಗೆ ನಲ್ಲಿ ನೀರೇ ಹಾಕಿಕೊಳ್ಳಿ, ಕೊನೆಯ ಒಂದೂವರೆ ಲೀಟರ್ ಮಾತ್ರ ಆರ್‌ಓ ನೀರಾಗಿರಲಿ. ಆರ್‌ಓ ಯಂತ್ರದ ಪಕ್ಕದ ನಳಿಕೆಯಿಂದ ಹೊರಬೀಳುವ ವೇಸ್ಟ್ ನೀರನ್ನು ‘ಸುಮ್ಮನೆ ಯಾಕೆ ಹಾಳು’ ಎಂದು ಇದಕ್ಕೆ ಬಳಸಬೇಡಿ. ಲವಣಗಳೆಲ್ಲ ಸೇರಿಕೊಂಡಿರುವುದು ಅದರಲ್ಲೇ, ನೆಲ ಒರೆಸಲು ಅದು ಸಾಕು. ವಾರಕ್ಕೊಮ್ಮೆ ಶಾಂಪೂ ಆದ ಮೇಲೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ ಕೂದಲಿಗೆ ಹೊಯ್ದು, ಎರಡು ನಿಮಿಷ ಬಿಟ್ಟು ತೊಳೆಯಿರಿ. ಕಣ್ಣು ಮುಚ್ಚಿಕೊಂಡಿರಿ. ಶಾಂಪೂ ಕೊಳ್ಳುವಾಗ ಹಿಂಬದಿಯ ಪಟ್ಟಿಯಲ್ಲಿ ‘ಇಡಿಟಿಎ’ ಇದೆಯೇ ನೋಡಿ. ಈ ಲವಣಗಳನ್ನು ಕಟ್ಟಿಹಾಕುವ ವಸ್ತು ಅದು, ಅಗ್ಗದ ಶಾಂಪೂಗಳಲ್ಲೂ ಇರುತ್ತದೆ.

ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಎರಡು ಚಮಚ ಕೊಬ್ಬರಿ ಎಣ್ಣೆಯನ್ನು ಕೂದಲ ಉದ್ದಕ್ಕೆ, ಮುಖ್ಯವಾಗಿ ತುದಿಗೆ, ಸವರಿ. ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ತೊಳೆದುಹೋಗುವುದನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್‌ಗಳಿಂದ ಅದು ಆಗುವುದಿಲ್ಲ ಎಂದು 2003ರಲ್ಲಿ ಮುಂಬೈಯ ಸಂಶೋಧಕರೇ ತೋರಿಸಿದ್ದರು. ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರು ಎಂಬುದೂ ನೆನಪಿರಲಿ; ಆದರೂ ನಮ್ಮ ಅನುಭವ ಅದಕ್ಕೆ ವಿರುದ್ಧವಾಗಿಲ್ಲ.

ಇನ್ನು ಕೈಗೆ ಬರುವ ಕೂದಲನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ತುಂಡು ತುಂಡಾಗಿ, ಬುಡವಿಲ್ಲದೆ ಇದ್ದರೆ ಅದು ಒಣಗಿ ಮುರಿದದ್ದು, ಮೇಲಿನ ಉಪಾಯ ಸಾಕು. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗಂಟಿದ್ದರೆ ಬೇರಿನಿಂದ ಬಂದದ್ದು. ದಿನಕ್ಕೆ 50ರಿಂದ 100 ಹಾಗೆ ಉದುರುವುದು ಸಹಜ. ಅದಕ್ಕಿಂತ ತುಂಬ ಹೆಚ್ಚಾಗಿ ತಿಂಗಳುಗಟ್ಟಲೆ ನಡೆದರೆ ನೀರನ್ನು ಬೈದು ಪ್ರಯೋಜನವಿಲ್ಲ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನನಗೆ 47. ಬಿಳಿ ಕೂದಲಿಗೆ ಮೆಹಂದಿ ಹಚ್ಚಿದರೆ ಕಿತ್ತಳೆ ಬಣ್ಣ ಬರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸಿದೆ, ಚಹಾ ಡಿಕಾಕ್ಷನ್, ಮೊಸರು, ಬೀಟ್‌ರೂಟ್ ಎಲ್ಲ ಹಾಕಿದೆ. ಕಪ್ಪು ಮಾತ್ರ ಆಗಲಿಲ್ಲ. ಅಂಗಡಿಯ ‘ಕಪ್ಪು ಮೆಹಂದಿ’ ಹಚ್ಚಿದರೆ ನೆತ್ತಿ ತುರಿಸುತ್ತದೆ. — ಎಸ್. ಶೆಟ್ಟಿ, ಮುಲುಂಡ್

ಮೆಹಂದಿ ಎಲೆಯಲ್ಲಿರುವ ಬಣ್ಣ ಒಂದೇ, ಲಾಸೋನ್. ಅದು ಕೆಂಪು-ಕಿತ್ತಳೆ. ಕಪ್ಪು ಕೂದಲ ಮೇಲೆ ಬಿದ್ದರೆ ಗೊತ್ತಾಗುವುದಿಲ್ಲ, ಬಿಳಿ ಕೂದಲ ಮೇಲೆ ಬಿದ್ದರೆ ಎದ್ದು ಕಾಣುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಕಲಸಿದ್ದು ಕಪ್ಪಾಗಿ ಕಾಣಬಹುದು, ಆದರೆ ಕೂದಲು ಹೆಚ್ಚೆಂದರೆ ಒಂದು ಛಾಯೆ ಗಾಢವಾಗುತ್ತದೆ. ಮೊಸರು, ಮೊಟ್ಟೆ ಹಾಕಿದರೆ ನಷ್ಟವೇ: ಲಾಸೋನ್ ಹಿಡಿಯುವುದು ಪ್ರೋಟೀನನ್ನು, ಬಟ್ಟಲಲ್ಲೇ ಪ್ರೋಟೀನ್ ಸಿಕ್ಕಿದರೆ ಕೂದಲಿಗೆ ಉಳಿಯುವುದು ಕಡಿಮೆ. ಬೀಟ್‌ರೂಟ್ ಬಣ್ಣ ಮುಂದಿನ ಸ್ನಾನಕ್ಕೇ ಹೋಗುತ್ತದೆ.

ಅಂಗಡಿಯ ಕಪ್ಪು ಮೆಹಂದಿಯಲ್ಲಿ ಕಪ್ಪು ಕೊಡುವುದು ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಬಣ್ಣ. ನಿಮ್ಮ ತುರಿಕೆ ಅದರ ಅಲರ್ಜಿಯಾಗಿರಬಹುದು, ಮತ್ತೆ ಹಚ್ಚಬೇಡಿ. ಈ ಅಲರ್ಜಿ ಪ್ರತಿ ಸಲ ಹೆಚ್ಚಾಗುತ್ತ ಹೋಗಿ ಮುಖ, ಕಣ್ಣು ಊದಿಕೊಳ್ಳುವ ಮಟ್ಟಕ್ಕೂ ಬರುತ್ತದೆ.

ನಿಮಗೆ ಬೇಕಾದದ್ದು ಎರಡು ಹಂತದ ಕೆಲಸ: ಮೊದಲು ಮೆಹಂದಿ, ಆಮೇಲೆ ಇಂಡಿಗೊ, ಅಂದರೆ ನೀಲಿ ಗಿಡದ ಎಲೆಯ ಪುಡಿ. ಭುಜದವರೆಗಿನ ಕೂದಲಿಗೆ 100 ಗ್ರಾಂ ಮೆಹಂದಿ, 100ರಿಂದ 150 ಗ್ರಾಂ ಇಂಡಿಗೊ ಬೇಕು; ಬೈತಲೆ, ಕಪಾಳದ ಬಳಿ ಮಾತ್ರವಾದರೆ ಅರ್ಧ ಸಾಕು. ಎರಡರ ಪ್ಯಾಕೆಟ್ ಮೇಲೂ ಎಲೆಯ ಪುಡಿ ಬಿಟ್ಟು ಬೇರೇನೂ ಬರೆದಿರಬಾರದು. ರಾಜಸ್ಥಾನದ ಸೋಜತ್‌ನ ಮೆಹಂದಿಗೆ ಹೆಸರಿದೆ, 2021ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಗುರುತೂ ಸಿಕ್ಕಿದೆ.

ಎರಡೂ ಪುಡಿಯನ್ನು ಚಿಟಿಕೆಯಷ್ಟು ನೀರಲ್ಲಿ ಕಲಸಿ ಮೊಣಕೈ ಒಳಗೆ ಹಚ್ಚಿ, 48 ಗಂಟೆ ಕಾಯಿರಿ. ಪಿಪಿಡಿ ಕದ್ದು ಬೆರೆಸಿದ್ದರೂ ಆಗ ತಿಳಿಯಬಹುದು.

ಹಿಂದಿನ ದಿನ ಶಾಂಪೂ ಮಾಡಿ, ಎಣ್ಣೆಯ ಜಿಡ್ಡಿರಬಾರದು. ಮೆಹಂದಿಯನ್ನು ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರಿನಿಂದ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಮುಚ್ಚಿಡಿ. ಮುಂಬೈಯ ಸೆಕೆಗೆ ಎರಡು-ಮೂರು ಗಂಟೆ ಸಾಕು. ಒಂದು ಬೊಟ್ಟನ್ನು ಅಂಗೈಗೆ ಇಟ್ಟು ಐದು ನಿಮಿಷಕ್ಕೆ ಒರೆಸಿದರೆ ಕಿತ್ತಳೆ ಕಲೆ ಕಾಣಬೇಕು. ಕಾಣದಿದ್ದರೆ ಇನ್ನೊಂದು ಗಂಟೆ ಬಿಡಿ. ಕೂದಲಿಗೆ ಹಚ್ಚಿ, ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಎರಡು ಗಂಟೆ ಇದ್ದು, ಶಾಂಪೂ ಇಲ್ಲದೆ ಬರೀ ನೀರಿನಿಂದ ತೊಳೆಯಿರಿ. ಈಗ ಕಿತ್ತಳೆಯಾಗಿರುತ್ತದೆ, ಗಾಬರಿ ಬೇಡ.

ಇಂಡಿಗೊ ಕಲಸುವ ರೀತಿ ಬೇರೆ. ಇದನ್ನು ರಾತ್ರಿ ನೆನೆಸಿಟ್ಟರೆ ಸತ್ತೇ ಹೋಗುತ್ತದೆ. ಕೂದಲು ತೊಳೆದಾದ ಮೇಲೆಯೇ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ; ಕುದಿಯುವ ನೀರು ಬೇಡ, ನಿಂಬೆರಸ ಬೇಡ. ಒಂದು ಚಿಟಿಕೆ ಉಪ್ಪು ಹಾಕಬಹುದು. ಹತ್ತು-ಹದಿನೈದು ನಿಮಿಷದಲ್ಲಿ ಹಸಿರು ಹಿಟ್ಟಿನ ಮೇಲ್ಮೈ ನೀಲಿಗೆ ತಿರುಗುವುದು ಕಾಣುತ್ತದೆ. ಅದೇ ಹಚ್ಚುವ ಹೊತ್ತು. ತಡಮಾಡಿದರೆ ಬಣ್ಣ ಬಟ್ಟಲಲ್ಲೇ ಮುಗಿಯುತ್ತದೆ. ಒದ್ದೆ ಕೂದಲಿಗೆ, ಬುಡದವರೆಗೆ ದಪ್ಪಗೆ ಹಚ್ಚಿ, ಮುಚ್ಚಿ, ಒಂದರಿಂದ ಒಂದೂವರೆ ಗಂಟೆ ಬಿಟ್ಟು ತೊಳೆಯಿರಿ. ಕೈಗವಸು ಬೇಕೇ ಬೇಕು, ಹಣೆ-ಕಿವಿಯ ಅಂಚಿಗೆ ಎಣ್ಣೆ ಸವರಿರಿ, ಟವೆಲ್ ಹಳೆಯದಿರಲಿ. ಮೊದಲ ದಿನ ಸ್ವಲ್ಪ ಹಸಿರು ಛಾಯೆ ಕಂಡರೂ ಗಾಳಿಗೆ ಬಣ್ಣ ಕಳಿಯುತ್ತ ಎರಡು ದಿನದಲ್ಲಿ ಗಾಢ ಕಂದು-ಕಪ್ಪಿಗೆ ಬರುತ್ತದೆ. ಅಲ್ಲಿಯವರೆಗೆ ಶಾಂಪೂ ಮುಟ್ಟಬೇಡಿ. ಬಣ್ಣ ಹಿಡಿಯದಿದ್ದರೆ ಹೆಚ್ಚಾಗಿ ಕಾರಣ ಹಳೆಯ ಪುಡಿ. ಒಳ್ಳೆಯ ಇಂಡಿಗೊ ಪುಡಿ ಹಸಿರಾಗಿರುತ್ತದೆ, ಬೂದು ಬಣ್ಣದ್ದನ್ನು ಕೊಳ್ಳಬೇಡಿ.

ಕೆಲಸಕ್ಕೆ ಅರ್ಧ ಭಾನುವಾರ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಮುಂದಿನ ತಿಂಗಳು ಹೊಸದಾಗಿ ಬಂದ ಬುಡಕ್ಕೆ ಮಾತ್ರ ಹಚ್ಚಿದರಾಯಿತು.

ಪ್ರಶ್ನೆ: ಮೊಡವೆಗೆ ಟೂತ್‌ಪೇಸ್ಟ್, ಕಲೆಗೆ ನಿಂಬೆರಸ, ಮೂಗಿನ ಕಪ್ಪು ಚುಕ್ಕೆಗೆ ಅಡುಗೆ ಸೋಡಾ ಹಚ್ಚಬಹುದೇ? — ಕಾಲೇಜು ವಿದ್ಯಾರ್ಥಿನಿ, ಡೊಂಬಿವಲಿ

ಮೂರೂ ಬೇಡ.

ಅಡುಗೆಮನೆಯ ವಸ್ತುವೇ ಬೇಕೆಂದರೆ ಒಂದು ದೊಡ್ಡ ಚಮಚ ಕಡಲೆಹಿಟ್ಟು, ಒಂದು ದೊಡ್ಡ ಚಮಚ ಮೊಸರು, ಚಿಟಿಕೆ ಕಸ್ತೂರಿ ಅರಿಶಿನ. ಪೂರ್ತಿ ಒಣಗಿ ಬಿರಿಯುವ ತನಕ ಬಿಡದೆ, ಅರ್ಧ ಒಣಗಿದಾಗಲೇ ತೊಳೆಯಿರಿ, ವಾರಕ್ಕೊಮ್ಮೆ ಸಾಕು. ಮೊಡವೆ ಇದರಿಂದ ಹೋಗುತ್ತದೆಂದು ಕಾಯಬೇಡಿ. ಮುಖ ಶುಭ್ರವಾಗುತ್ತದೆ, ಅಷ್ಟೇ. ಉಳಿದ ದುಡ್ಡನ್ನು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್‌ಗೆ ಹಾಕಿ, ಅದನ್ನು ಮನೆಯಲ್ಲಿ ಮಾಡಲು ಬರುವುದಿಲ್ಲ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ-ಕುತ್ತಿಗೆಗೆ ಸರಿ. ಬಟಾಣಿಯಷ್ಟು ಹಚ್ಚಿದರೆ ಡಬ್ಬಿಯ ಮೇಲೆ ಬರೆದ ರಕ್ಷಣೆ ಸಿಗುವುದಿಲ್ಲ.

ಪ್ರಶ್ನೆ: ಮಗಳ ಮದುವೆ ಹತ್ತಿರ ಬಂದಿದೆ. ಮೆಡಿಕಲ್ ಅಂಗಡಿಯವರು ಕೊಟ್ಟ ಕ್ರೀಮಿನಿಂದ ವಾರದಲ್ಲೇ ಅವಳ ಮುಖ ಬೆಳ್ಳಗೆ ಹೊಳೆಯಿತು. ಈಗ ಬಿಟ್ಟರೆ ಉರಿ, ಕೆಂಪು. ಏನು ಮನೆಮದ್ದು? — ಹೆಸರು ಬೇಡ, ಮೀರಾ ರೋಡ್

ಮನೆಮದ್ದು ಬೇಡ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಇವುಗಳಲ್ಲಿ ಯಾವುದಾದರೂ ಹೆಸರಿದೆಯೇ ನೋಡಿ. ಇವು ಸ್ಟೀರಾಯ್ಡ್‌ಗಳು, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚರ್ಮ ತೆಳುವಾಗಿ, ಕ್ರೀಮಿಲ್ಲದೆ ಇರಲಾರದ ಸ್ಥಿತಿಗೆ ಬರುತ್ತದೆ. ಮುಂಬೈಯ ಸಾಯನ್, ಕೆಇಎಂ, ನಾಯರ್ ಪಾಲಿಕೆ ಆಸ್ಪತ್ರೆಗಳಲ್ಲಿ ಚರ್ಮರೋಗದ ಓಪಿಡಿ ಇದೆ, ಖರ್ಚು ಅತ್ಯಲ್ಪ. ಟ್ಯೂಬನ್ನು ಜೊತೆಗೇ ಒಯ್ಯಿರಿ. ಅಲ್ಲಿಯವರೆಗೆ ಫೇಶಿಯಲ್, ಬ್ಲೀಚ್, ಅರಿಶಿನ ಎಲ್ಲ ನಿಲ್ಲಿಸಿ. ಮದುವೆಯ ಅರಿಶಿನ ಶಾಸ್ತ್ರದಲ್ಲೂ ಕೈಗೆ-ಕಾಲಿಗೆ ಹಚ್ಚಿ, ಮುಖಕ್ಕೆ ಬೊಟ್ಟಿಟ್ಟರೆ ಸಾಕು ಎಂದು ಹಿರಿಯರಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ಗೋವಾದ ಹವೆಗೆ ಆರ್ಟಿಫಿಶಿಯಲ್ ಓಲೆ, ಸರ ಒಂದು ಮಳೆಗಾಲಕ್ಕೇ ಕಪ್ಪಾಗುತ್ತವೆ. ಕಿವಿಯೂ ಕಜ್ಜಿಯಾಗುತ್ತದೆ. — ಆರ್. ಪಾಟೀಲ, ವಾಸ್ಕೊ

ಒಳಗಿರುವುದು ಹಿತ್ತಾಳೆ ಅಥವಾ ತಾಮ್ರ, ಮೇಲಿನ ಪಾಲಿಶ್ ಬಲು ತೆಳು. ಸಮುದ್ರದ ಉಪ್ಪುಗಾಳಿ, ಬೆವರು, ಸೆಂಟು ಮೂರೂ ಸೇರಿ ಅದನ್ನು ತಿನ್ನುತ್ತವೆ. ಆದ್ದರಿಂದ ಪೌಡರ್, ಸೆಂಟು ಎಲ್ಲ ಆದ ಮೇಲೆ ಕೊನೆಗೆ ಹಾಕಿ, ಮನೆಗೆ ಬಂದೊಡನೆ ಮೊದಲು ತೆಗೆದು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಹುಣಸೆಹಣ್ಣು, ಪಾತ್ರೆ ಪುಡಿಯಿಂದ ತಿಕ್ಕಿದರೆ ಹೊಳೆಯುವುದು ಒಂದೇ ದಿನ. ಹೋದದ್ದು ಕಪ್ಪಲ್ಲ, ಪಾಲಿಶ್.

ಅಂಗಡಿಯವರು ಕೊಡುವ ಮಖಮಲ್ ಪೆಟ್ಟಿಗೆ ನೋಡಲು ಚಂದ, ತೇವ ಹಿಡಿದಿಡುವುದರಲ್ಲೂ ಅಷ್ಟೇ ಚಂದ. ಒಂದೊಂದನ್ನೂ ಪ್ರತ್ಯೇಕ ಜಿಪ್ ಚೀಲದಲ್ಲಿಟ್ಟು ಗಾಳಿ ಒತ್ತಿ ತೆಗೆದು, ಎಲ್ಲ ಚೀಲಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಡಬ್ಬಿಯೊಳಗೆ ನಾಲ್ಕು ಸೀಮೆಸುಣ್ಣದ ಕಡ್ಡಿ ಹಾಕಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಾಯಿಸಿ.

ಹೊಸ ಓಲೆಯ ಹಿಂಬದಿಗೆ, ಕೊಕ್ಕೆಗೆ ಬಣ್ಣವಿಲ್ಲದ ನೇಲ್‌ಪಾಲಿಶ್ ಎರಡು ತೆಳು ಲೇಪ ಕೊಡಿ. ಮೊದಲನೆಯದು ಒಣಗಿದ ಮೇಲೆಯೇ ಎರಡನೆಯದು, ಆಮೇಲೆ ಒಂದು ದಿನ ಬಿಡಿ. ಕಲ್ಲು, ಪ್ಲಾಸ್ಟಿಕ್ ಮುತ್ತಿನ ಮೇಲೆ ತಾಗಿಸಬೇಡಿ, ಅಂಟು ಕರಗಿ ಮುತ್ತು ಮಂಕಾಗುತ್ತದೆ. ಈ ಲೇಪ ಕೆಲವು ವಾರಕ್ಕೆ ಸವೆಯುತ್ತದೆ, ಮತ್ತೆ ಹಚ್ಚಬೇಕು.

ಕಿವಿಯ ಕಜ್ಜಿಗೆ ಸಾಮಾನ್ಯ ಕಾರಣ ನಿಕ್ಕಲ್. ಒಮ್ಮೆ ಬಂದ ಅಲರ್ಜಿ ಹೋಗುವುದಿಲ್ಲ, ನೇಲ್‌ಪಾಲಿಶ್ ನಂಬಿ ಕೂರಬೇಡಿ. ತೂಗುವ ಭಾಗ ಹಾಗೇ ಇರಲಿ, ಕಿವಿಯೊಳಗೆ ಹೋಗುವ ಕೊಕ್ಕೆಯನ್ನು ಮಾತ್ರ ಅಕ್ಕಸಾಲಿಗರ ಬಳಿ ಬೆಳ್ಳಿಯದಕ್ಕೆ ಬದಲಾಯಿಸಿಕೊಳ್ಳಿ.

ಪ್ರಶ್ನೆ: ಬೆಳಿಗ್ಗೆ ಕಲ್ಯಾಣದಲ್ಲಿ ಹಚ್ಚಿದ ಕಾಡಿಗೆ ಗಾಡಿ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ ತಲುಪುವಷ್ಟರಲ್ಲಿ ಕೆನ್ನೆಗಿಳಿದಿರುತ್ತದೆ. ವಾಟರ್‌ಪ್ರೂಫ್ ಕೊಂಡರೂ ಅಷ್ಟೇ! — ಪಿ. ಜೆ., ಕಲ್ಯಾಣ

ವಾಟರ್‌ಪ್ರೂಫ್ ಕಾಡಿಗೆ ನೀರಿಗೆ ಹೆದರುವುದಿಲ್ಲ, ಮುಖದ ಎಣ್ಣೆಗೆ ಕರಗುತ್ತದೆ. ಕಣ್ಣಿನ ಕೆಳಗೆ ಕ್ರೀಮ್ ಹಚ್ಚಿದ್ದರೆ ಹತ್ತು ನಿಮಿಷ ಬಿಟ್ಟು ಟಿಶ್ಯೂ ಒತ್ತಿ ಜಿಡ್ಡು ತೆಗೆಯಿರಿ. ಕಿವಿಕಡ್ಡಿಯಿಂದ ಕೆಳರೆಪ್ಪೆಯ ಕೆಳಗೆ ಒಂದಿಷ್ಟೇ ಕಾಂಪ್ಯಾಕ್ಟ್ ಪೌಡರ್ ಒತ್ತಿ. ಕಾಡಿಗೆಯನ್ನು ಮೇಲಿನ ರೆಪ್ಪೆಗೂದಲ ಬುಡಕ್ಕೆ ಎಳೆದು, ಅದರ ಮೇಲೆ ಕಪ್ಪು ಐಶ್ಯಾಡೋ ಪುಡಿಯನ್ನು ಒತ್ತಿದರೆ ಸಂಜೆಯವರೆಗೆ ನಿಲ್ಲುತ್ತದೆ. ಕೆಳಗಿನ ಒಳ ಅಂಚನ್ನು ಆಫೀಸಿನ ದಿನ ಬಿಟ್ಟುಬಿಡಿ: ಅಲ್ಲಿ ಎಣ್ಣೆ ಗ್ರಂಥಿಗಳ ಬಾಯಿ ಇದೆ, ಯಾವ ಕಂಪನಿಯದೂ ಅಲ್ಲಿ ನಿಲ್ಲದು. ಓಡುವ ಗಾಡಿಯಲ್ಲಿ ಪೆನ್ಸಿಲ್ ಕಣ್ಣಿಗೆ ತರಬೇಡಿ, ಗೆಳತಿಯರೊಡನೆ ಹಂಚಿಕೊಳ್ಳಲೂಬೇಡಿ. ಲೇಬಲ್ ಇಲ್ಲದ ಸುರ್ಮಾದಲ್ಲಿ ಸೀಸ ಇರುವ ಸಾಧ್ಯತೆಯಿದೆ. ರಾತ್ರಿ ತೆಗೆಯಲು ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ, ಮುಚ್ಚಿದ ರೆಪ್ಪೆಯ ಮೇಲೆ ಇಪ್ಪತ್ತು ಸೆಕೆಂಡ್ ಇಟ್ಟು ಒರೆಸಿದರೆ ತಿಕ್ಕುವ ಕೆಲಸವಿಲ್ಲ.

ಪ್ರಶ್ನೆ: ಅಜ್ಜಿಯ ಹತ್ತಿ ಇಳಕಲ್ ಸೀರೆ ಇದೆ. ಆಫೀಸಿಗೆ ಉಡಬೇಕು, ಆದರೆ ಜೋತು ಬೀಳುತ್ತದೆ. ಯಾವ ಬ್ಲೌಸ್ ಹಾಕಲಿ? — ಎಂ. ಹಿರೇಮಠ, ಕೋಥ್ರೂಡ್, ಪುಣೆ

ಜೋತು ಬೀಳದಿರಲು ಸೀರೆಗೆ ಗಂಜಿ ಹಾಕಿ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಬ್ಬಕ್ಕಿ ಹಾಕಿ ಪಾರದರ್ಶಕವಾಗುವವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಮೂರು ಲೀಟರ್ ತಣ್ಣೀರು ಬೆರೆಸಿ. ಸೋಸದಿದ್ದರೆ ಒಣಗಿದ ಮೇಲೆ ಬಿಳಿ ಚುಕ್ಕೆ ಕೂರುತ್ತವೆ. ಒಗೆದ ಸೀರೆಯ ಹತ್ತಿಯ ಒಡಲನ್ನು ಮಾತ್ರ ಅದ್ದಿ, ರೇಷ್ಮೆ ಸೆರಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಡಿ. ನೆರಳಲ್ಲಿ ಒಣಗಿಸಿ, ಇನ್ನೂ ತೇವ ಇರುವಾಗಲೇ ಇಸ್ತ್ರಿ ಹಾಕಿ. ಮಳೆಗಾಲಕ್ಕೆ ಮಡಿಸಿಡುವ ಮುನ್ನ ಗಂಜಿ ತೊಳೆದುಬಿಡಿ, ಇಲ್ಲದಿದ್ದರೆ ಬೂಸ್ಟು, ಹುಳು ಎರಡೂ ಬರುತ್ತವೆ.

ಒಡಲಿಗೂ ಸೆರಗಿಗೂ ಎಳೆ ಎಳೆ ಕೊಂಡಿ ಹಾಕಿ ಕೂಡಿಸಿರುವುದು ಇಳಕಲ್ ನೇಯ್ಗೆ. ಹಳೆಯ ಸೀರೆಯಲ್ಲಿ ಆ ಕೊಂಡಿಯ ಸಾಲು ಮೊದಲು ಬಿಡುತ್ತದೆ, ಪಿನ್ ಅಲ್ಲಿ ಬೀಳದಂತೆ ಸೆರಗನ್ನು ಸ್ವಲ್ಪ ಉದ್ದ ಬಿಡಿ. ಪಿನ್ನಿಗೆ ಮೊದಲು ಒಂದು ಸಣ್ಣ ಮಣಿ ಪೋಣಿಸಿಕೊಂಡರೆ ಅದರ ಸುರುಳಿಗೆ ಬಟ್ಟೆ ಸಿಕ್ಕಿ ಹರಿಯುವುದಿಲ್ಲ.

ಬ್ಲೌಸಿಗೆ ಗುಳೇದಗುಡ್ಡದ ಖಣ, ಲಕ್ಷ್ಮೀ ರಸ್ತೆ, ತುಳಶೀಬಾಗ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಕಪ್ಪು ಒಂದಿದ್ದರೆ ಹೆಚ್ಚುಕಡಿಮೆ ಎಲ್ಲ ಇಳಕಲ್‌ಗೂ ಒಪ್ಪುತ್ತದೆ. ಖಣದ ಪನ್ನ, ಅಂದರೆ ಅಗಲ, ಕಡಿಮೆ, ಆದ್ದರಿಂದ ಉದ್ದ ಎಷ್ಟು ಬೇಕೆಂದು ದರ್ಜಿಯನ್ನು ಕೇಳಿಯೇ ಕೊಳ್ಳಿ. ಅಸ್ತರ್ ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ. ಹಾಗೇ ಕೊಟ್ಟರೆ ಮೊದಲ ಒಗೆತಕ್ಕೆ ಅಸ್ತರ್ ಕುಗ್ಗಿ, ಖಣ ಕಂಕುಳಲ್ಲಿ ಸುಕ್ಕುಗಟ್ಟುತ್ತದೆ. ಆಮೇಲೆ ಬಿಚ್ಚಿ ಹೊಲಿಯಲು ದರ್ಜಿ ಕೇಳುವ ಕೂಲಿ ಅಸ್ತರಿನ ಬೆಲೆಗಿಂತ ಹೆಚ್ಚು.