ಅನುದಾನದ ತಂತ್ರಾಂಶ: ಉಳಿಕೆ ತಾಳೆಯಾಗದಿದ್ದರೆ, ಅರ್ಜಿ ನಡುವೆ ನಿಂತರೆ

ಪ್ರಶ್ನೆ: ವಿಶ್ವವಿದ್ಯಾಲಯದ ಸಂಶೋಧನಾ ಅನುದಾನಗಳಿಗೆ ತಂತ್ರಾಂಶ ಕಟ್ಟಿದ್ದೇವೆ. ಪ್ರತಿ ಯೋಜನೆಯ ಪ್ರತಿ ಬಾಬ್ತಿಗೂ 'ಉಳಿಕೆ' ಎಂಬ ಕಾಲಂ ಇದೆ. ಬಿಲ್ ಪಾವತಿಯಾದಾಗ ಅದರಿಂದ ಕಳೆಯುತ್ತೇವೆ. ಆರೇ ತಿಂಗಳಲ್ಲಿ ಹಣಕಾಸು ವಿಭಾಗದ ಲೆಕ್ಕಕ್ಕೂ ನಮ್ಮದಕ್ಕೂ ತಾಳೆ ತಪ್ಪಿದೆ. ಎರಡು ಬಾಬ್ತುಗಳ ಉಳಿಕೆ ಸೊನ್ನೆಗಿಂತ ಕೆಳಗಿದೆ.

ಉತ್ತರ: ಆ ಕಾಲಂ ತೆಗೆದುಬಿಡಿ. ಒಂದು ಬಾಬ್ತಿಗೆ 5,00,000 ಮಂಜೂರಾಗಿದೆ ಎನ್ನಿ. ಉಪಕರಣಕ್ಕೆ 3,20,000ದ ಖರೀದಿ ಆದೇಶ ಹೊರಟಿತು, ಬಿಲ್ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ನಿಮ್ಮ ಪರದೆಯ ಮೇಲೆ ಉಳಿಕೆ 5,00,000 ಎಂದೇ ಇರುತ್ತದೆ. ಈ ನಡುವೆ ತಂಡದ ಇನ್ನೊಬ್ಬರು 2,50,000ದ ಬೇಡಿಕೆ ಹಾಕಿದರೆ ಅದಕ್ಕೂ ಒಪ್ಪಿಗೆ ಸಿಗುತ್ತದೆ. ಎರಡೂ ಬಿಲ್ ಬಂದ ದಿನ 70,000 ಕೊರತೆ.

ಬದಲಿಗೆ ಒಂದು ಖಾತೆವಹಿ ಟೇಬಲ್ ಇಡಿ. ಮಂಜೂರು, ಕಾಯ್ದಿರಿಸಿದ್ದು, ಕಾಯ್ದಿರಿಸಿದ್ದರ ಬಿಡುಗಡೆ, ಖರ್ಚು, ಬಾಬ್ತಿನಿಂದ ಬಾಬ್ತಿಗೆ ವರ್ಗಾವಣೆ: ಪ್ರತಿಯೊಂದೂ ಒಂದು ಹೊಸ ಸಾಲು. ಖರೀದಿ ಆದೇಶ ಹೊರಟಾಗಲೇ 3,20,000 ಕಾಯ್ದಿರಿಸಿ. ಬಿಲ್ 3,14,500ಕ್ಕೆ ಬಂದರೆ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಒಟ್ಟಿಗೆ ಆಗುವ, ಇಲ್ಲವೇ ಯಾವುದೂ ಆಗದ ಗುಂಪಿನಲ್ಲಿ) 3,20,000ವನ್ನು ಬಿಡುಗಡೆ ಮಾಡಿ 3,14,500 ಖರ್ಚು ಬರೆಯಿರಿ. ಆಗ ಬಳಸಲು ಸಿಗುವುದು 1,85,500. ಈ ಮೊತ್ತವನ್ನು ಪ್ರತಿ ಸಲವೂ ಸಾಲುಗಳಿಂದಲೇ ಕೂಡಿ ಕಳೆದು ಪಡೆಯಬೇಕು. ಬರೆದ ಸಾಲನ್ನು ತಿದ್ದುವ, ಅಳಿಸುವ ಹಕ್ಕು ನಿಮ್ಮ ತಂತ್ರಾಂಶದ ಡೇಟಾಬೇಸ್ ಬಳಕೆದಾರನಿಗೇ ಇರಬಾರದು. ತಪ್ಪಾದರೆ ವಿರುದ್ಧ ನಮೂದು ಹಾಕಿ, ಸರಿಯಾದುದನ್ನು ಮತ್ತೆ ಬರೆಯಿರಿ. ಲೆಕ್ಕಪರಿಶೋಧಕರು ಕೇಳುವುದೂ ಈ ಜಾಡನ್ನೇ.

ಇಷ್ಟಾದರೂ ಒಂದು ಬಿರುಕು ಉಳಿಯುತ್ತದೆ. ಇಬ್ಬರು ಒಂದೇ ಕ್ಷಣದಲ್ಲಿ ಬೇಡಿಕೆ ಹಾಕಿದರೆ ಇಬ್ಬರಿಗೂ ಹಳೆಯ ಉಳಿಕೆಯೇ ಕಂಡು, ಎರಡೂ ದಾಖಲಾಗುತ್ತವೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೂಲ ಸೆಟ್ಟಿಂಗ್ ಇದನ್ನು ತಡೆಯುವುದಿಲ್ಲ. ಮೊದಲು ಬಾಬ್ತುಗಳ ಟೇಬಲ್‌ನಲ್ಲಿರುವ ಆ ಬಾಬ್ತಿನ ಸಾಲಿಗೆ ಸೆಲೆಕ್ಟ್ ಫಾರ್ ಅಪ್‌ಡೇಟ್ ಎಂಬ ಆಜ್ಞೆಯಿಂದ ಲಾಕ್ ಹಾಕಿ, ಆಮೇಲೆ ಮೊತ್ತ ಕೂಡಿ, ಸಾಕಷ್ಟಿದ್ದರೆ ನಮೂದಿಸಿ. ವರ್ಗಾವಣೆಯಲ್ಲಿ ಎರಡು ಬಾಬ್ತುಗಳಿಗೆ ಲಾಕ್ ಬೇಕು. ಯಾವಾಗಲೂ ಚಿಕ್ಕ ಐಡಿಯದಕ್ಕೆ ಮೊದಲು ಹಾಕಿ. ಇಲ್ಲವಾದರೆ ಎರಡು ವರ್ಗಾವಣೆಗಳು ಒಂದನ್ನೊಂದು ಕಾಯುತ್ತಾ ಸಿಕ್ಕಿಕೊಳ್ಳುತ್ತವೆ.

ಹಣಕ್ಕೆ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆಯ ಬಗೆ) ಬಳಸಿದ್ದರೆ ಇಂದೇ ಅದನ್ನು ನಿಖರವಾಗಿ ಇಡುವ ಡೆಸಿಮಲ್‌ಗೆ ಬದಲಿಸಿ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ. ವಿದೇಶಿ ಅನುದಾನವಿದ್ದರೆ ಕರೆನ್ಸಿಯ ಸಂಕೇತವೂ ಮೊತ್ತದ ಜೊತೆಗಿರಲಿ: ಜಪಾನಿನ ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತಿನ ದಿನಾರ್‌ಗೆ ಮೂರು ಸ್ಥಾನ.

ಇನ್ನು ತಾಳೆಯ ಮಾತು. ಪಾವತಿಯ ವಿಷಯದಲ್ಲಿ ಹಣಕಾಸು ವಿಭಾಗದ ವ್ಯವಸ್ಥೆಯೇ ಪ್ರಮಾಣ. ಕಾಯ್ದಿರಿಸಿದ್ದರ ವಿಷಯದಲ್ಲಿ ನಿಮ್ಮದು. ಇದನ್ನು ಎರಡೂ ಕಡೆಯವರು ಕೂತು ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಬರುವ ಪ್ರತಿ ಪಾವತಿಗೂ ಒಂದು ವಿಶಿಷ್ಟ ಸಂಖ್ಯೆ ಇರಲಿ, ನಿಮ್ಮ ಟೇಬಲ್‌ನಲ್ಲಿ ಅದರ ಮೇಲೆ ಯೂನಿಕ್ ನಿರ್ಬಂಧ (ಒಂದೇ ಸಂಖ್ಯೆ ಎರಡನೇ ಸಲ ಸೇರದಂತೆ ತಡೆಯುವುದು) ಇರಲಿ. ನೆಟ್‌ವರ್ಕ್ ಕೈಕೊಟ್ಟು ಅದೇ ಸಂದೇಶ ಎರಡನೇ ಸಲ ಬಂದರೆ ಖರ್ಚು ಎರಡು ಬಾರಿ ಬೀಳುವುದು ತಪ್ಪುತ್ತದೆ. ಪ್ರತಿ ರಾತ್ರಿ ಎರಡೂ ಕಡೆಯ ಮೊತ್ತ ಹೋಲಿಸಿ, ವ್ಯತ್ಯಾಸಗಳನ್ನು ಲೆಕ್ಕ ಸಿಬ್ಬಂದಿಯ ಪಟ್ಟಿಗೆ ಕಳುಹಿಸಿ. ತಂತ್ರಾಂಶ ತಾನಾಗಿ ಸರಿಪಡಿಸುವ ವ್ಯವಸ್ಥೆ ಮಾತ್ರ ಬೇಡ, ಅದು ತಪ್ಪಿನ ಕಾರಣವನ್ನೇ ಮುಚ್ಚಿಹಾಕುತ್ತದೆ.

ಪ್ರಶ್ನೆ: ಅನುಮೋದನೆಯ ಹಂತಗಳನ್ನು ಕೋಡ್‌ನಲ್ಲೇ ಬರೆದಿದ್ದೆವು. ಹೊಸದಾಗಿ ನೈತಿಕ ಸಮಿತಿಯ ಹಂತ ಸೇರಿಸಿದ ಕೂಡಲೇ ನಡುದಾರಿಯಲ್ಲಿದ್ದ ಅರ್ಜಿಗಳು ನಿಂತುಹೋದವು.

ಉತ್ತರ: ಹಂತಗಳ ಸರಣಿಯನ್ನು ಟೇಬಲ್‌ನಲ್ಲಿಟ್ಟು ಆವೃತ್ತಿ ಸಂಖ್ಯೆ ಕೊಡಿ. ಸಲ್ಲಿಕೆಯಾದಾಗ ಚಾಲ್ತಿಯಲ್ಲಿದ್ದ ಆವೃತ್ತಿ ಆ ಅರ್ಜಿಗೆ ಅಂಟಿಕೊಳ್ಳಲಿ. ಹಳೆಯ ಅರ್ಜಿ ಹಳೆಯ ದಾರಿಯಲ್ಲೇ ಮುಗಿಯಲಿ. ಹೊಸ ನಿಯಮ ಹಳೆಯದಕ್ಕೂ ಬೇಕೆಂದಾದರೆ ಒಂದೊಂದೇ ಅರ್ಜಿಯನ್ನು ಹೊಸ ಆವೃತ್ತಿಗೆ ದಾಟಿಸಿ, ದಾಟಿಸಿದವರ ಹೆಸರು, ಕಾರಣ ದಾಖಲಿಸಿ.

ಹಂತ ಬದಲಾಯಿಸುವಾಗಲೇ ಇನ್ನೊಂದನ್ನೂ ಪರೀಕ್ಷಿಸಿ: ಪ್ರಧಾನ ಸಂಶೋಧಕರೇ ವಿಭಾಗದ ಮುಖ್ಯಸ್ಥರಾಗಿದ್ದರೆ ಏನಾಗುತ್ತದೆ? ಬಹಳ ಕಡೆ ಅವರ ಅರ್ಜಿಗೆ ಅವರೇ ಒಪ್ಪಿಗೆ ಕೊಡುವಂತಿರುತ್ತದೆ. ಯೋಜನೆಯ ತಂಡದಲ್ಲಿರುವವರು ಆ ಯೋಜನೆಯ ಯಾವ ಹಂತದಲ್ಲೂ ಅನುಮೋದಿಸಲಾಗದಂತೆ ಮಾಡಿ, ಅಂಥ ಅರ್ಜಿ ಅವರಿಗಿಂತ ಮೇಲಿನವರಿಗೆ ಹೋಗಲಿ. 'ಪ್ರಧಾನ ಸಂಶೋಧಕ' ಎನ್ನುವುದು ವ್ಯಕ್ತಿಗೂ ಯೋಜನೆಗೂ ಇರುವ ಸಂಬಂಧವಾದ್ದರಿಂದ ಅದನ್ನು ಬಳಕೆದಾರರ ಟೇಬಲ್‌ನಲ್ಲಿ ಇಡಬೇಡಿ. ಒಪ್ಪಿಗೆ ಕೊಟ್ಟ ಪ್ರತಿಯ ಎಸ್‌ಎಚ್‌ಎ-256 ಹ್ಯಾಶ್ (ಪಠ್ಯ ತುಸು ಬದಲಾದರೂ ಬೇರೆಯಾಗುವ ಬೆರಳಚ್ಚಿನಂಥ ಸಂಕೇತ) ಉಳಿಸಿಕೊಳ್ಳಿ. ಆಮೇಲೆ ಬಜೆಟ್ ಬದಲಾದರೆ ಹ್ಯಾಶ್ ಹೊಂದದೆ ಹಳೆಯ ಒಪ್ಪಿಗೆ ಬಿದ್ದುಹೋಗಬೇಕು.

ಪ್ರಶ್ನೆ: ಸಂಶೋಧಕರ ಆರ್ಕಿಡ್ (ಓಆರ್‌ಸಿಐಡಿ) ಐಡಿಯನ್ನು, ಅಂದರೆ ಪ್ರತಿ ಸಂಶೋಧಕರಿಗೂ ಇರುವ 16 ಸ್ಥಾನಗಳ ಗುರುತನ್ನು, ಸಂಖ್ಯೆಯ ಕಾಲಂನಲ್ಲಿ ಇಟ್ಟಿದ್ದೇವೆ. ಕೆಲವರದು ಉಳಿಯುವುದೇ ಇಲ್ಲ.

ಉತ್ತರ: ಅದರ 16ನೆಯ ಸ್ಥಾನ ತಪಾಸಣೆಯ ಅಂಕಿ, ಅಲ್ಲಿ 'ಎಕ್ಸ್' ಅಕ್ಷರವೂ ಬರಬಹುದು. ಕಾಲಂ ಅನ್ನು ಪಠ್ಯಕ್ಕೆ ಬದಲಿಸಿ. ಈಗಾಗಲೇ ಸೇರಿರುವವುಗಳ ಮುಂದಿನ ಸೊನ್ನೆಗಳು ಬಿದ್ದಿರುತ್ತವೆ, 16 ಸ್ಥಾನ ತುಂಬುವಷ್ಟು ಸೊನ್ನೆಯನ್ನು ಎಡಗಡೆ ಸೇರಿಸಿ. ನಂತರ ಹೀಗೆ ಪರೀಕ್ಷಿಸಿ: ಸೊನ್ನೆಯಿಂದ ಶುರುಮಾಡಿ, ಮೊದಲ 15 ಅಂಕಿಗಳನ್ನು ಒಂದೊಂದಾಗಿ ಕೂಡುತ್ತಾ ಪ್ರತಿ ಸಲವೂ ಮೊತ್ತವನ್ನು ಎರಡರಿಂದ ಗುಣಿಸಿ, 11ರಿಂದ ಭಾಗಿಸಿದಾಗ ಉಳಿದ ಶೇಷವನ್ನು 12ರಿಂದ ಕಳೆದು, ಮತ್ತೆ 11ರಿಂದ ಭಾಗಿಸಿ ಶೇಷ ತೆಗೆಯಿರಿ. ಬರುವುದೇ ಕೊನೆಯ ಅಂಕಿ, 10 ಬಂದರೆ ಎಕ್ಸ್. ಮುಂದೆ ಐಡಿಯನ್ನು ಟೈಪ್ ಮಾಡಿಸದೆ, ಸಂಶೋಧಕರು ಆರ್ಕಿಡ್‌ಗೆ ಲಾಗಿನ್ ಆಗಿ ಅಲ್ಲಿಂದಲೇ ಬರುವಂತೆ ಮಾಡಿ.