ಆ ಅರ್ಧ ಗಂಟೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದೆಯಲ್ಲ!

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯಿಂದ ಬಂದ ಪತ್ರವಿದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪ್ಲಸ್ ಟು ಮುಗಿಸಿರುವ ಹುಡುಗಿ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡುವ ಆಸೆ. ಹತ್ತಿರದ ಸಣ್ಣ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಬೆಂಗಳೂರಿನ ಸೋದರಮಾವ ಮಾತ್ರ ಅಲ್ಲಿನ ದೊಡ್ಡ ಖಾಸಗಿ ವಿಶ್ವವಿದ್ಯಾಲಯವೇ ಆಗಬೇಕು, ಸಣ್ಣ ಕಾಲೇಜಿನ ಪದವಿಗೆ ಬೆಲೆಯಿಲ್ಲ ಎನ್ನುತ್ತಾರೆ. ಅಮ್ಮ ಬಳೆ ಅಡವಿಡಲು ಹೊರಟಿದ್ದಾರೆ.

ಮಗಳೇ, ನಾಲ್ಕು ಪುಟಗಳಲ್ಲಿ ಎರಡೂವರೆ ಪುಟ ಬೆಂಗಳೂರಿನ ಕಟ್ಟಡ, ಹಾಸ್ಟೆಲ್‌ಗಳ ವರ್ಣನೆಗೇ ಹೋಗಿದೆ. ಮೂರನೆಯ ಪುಟದ ಕೊನೆಯಲ್ಲಿ ಒಂದೇ ಸಾಲು: ಹತ್ತಿರದ ಕಾಲೇಜಿಗೆ ಪ್ರವೇಶದ ವಿಚಾರಣೆಗೆ ಹೋದಾಗ ಅಲ್ಲಿನ ಮೇಡಂ ಲ್ಯಾಬಿಗೆ ಕರೆದೊಯ್ದು, ದ್ರವ ಅಳೆಯುವ ಗಾಜಿನ ಕೊಳವೆಯಾದ ಬ್ಯೂರೆಟ್ ಓದುವುದನ್ನು ಹೇಳಿಕೊಟ್ಟರು, ಅರ್ಧ ಗಂಟೆ ಹೋಯಿತು. ಹೋಯಿತೇ? ಇನ್ನೂ ಹೆಸರು ನೋಂದಾಯಿಸದ ಹುಡುಗಿಯನ್ನು ಬಗ್ಗಿಸಿ, ಕಣ್ಣನ್ನು ದ್ರವದ ಮಟ್ಟಕ್ಕೆ ತರಿಸಿ, ಬಾಗಿದ ಅಂಚಿನ ತಳವನ್ನೇ ಓದಬೇಕೆಂದು ಕನ್ನಡದಲ್ಲಿ ತಿಳಿಸಿದ ಅಧ್ಯಾಪಕಿ ಅವರು. ಇಂಗ್ಲಿಷ್‌ನಲ್ಲಿ ಮಾಡಿದ ಪಾಠ ಅರ್ಥವಾಗದ ದಿನ ನೀನು ಯಾರ ಬಳಿ ಹೋಗಿ ಕೇಳುತ್ತೀಯ? ಇನ್ನೂರು ಮಂದಿ ಕುಳಿತ ಸಭಾಂಗಣದಲ್ಲಿ ಕೈಯೆತ್ತುವ ಧೈರ್ಯ ನಿನಗಿಲ್ಲವೆಂದು ನೀನೇ ಬರೆದಿದ್ದೀಯ.

ನಿನ್ನ ಮಾವನ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ಕಾಸರಗೋಡಿನ ಸರ್ಕಾರಿ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ಕಣ್ಣೂರು ವಿಶ್ವವಿದ್ಯಾಲಯದ ಅಧೀನದಲ್ಲಿವೆ. ಪದವಿ ಪ್ರಮಾಣಪತ್ರ ಕೊಡುವುದು ಆ ವಿಶ್ವವಿದ್ಯಾಲಯ, ಕಾಲೇಜಲ್ಲ. 2024ರಿಂದ ಕೇರಳದಲ್ಲಿ ಮೂರು ವರ್ಷಕ್ಕೆ ಪದವಿ, ನಾಲ್ಕನೆಯ ವರ್ಷವನ್ನೂ ಓದಿದರೆ ಆನರ್ಸ್. ಬೆಲೆಯಿಲ್ಲವೆನ್ನುವ ಮೊದಲು ಇಷ್ಟನ್ನು ವಿಚಾರಿಸಬಾರದಿತ್ತೇ? ಶುಲ್ಕಕ್ಕೆ ತಮ್ಮ ಕೈಯಿಂದ ಏನಾದರೂ ಕೊಡುವ ಮಾತನ್ನು ಅವರು ಆಡಿದಂತೆಯೂ ಇಲ್ಲ.

ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಪದವಿಗೆ ಹೆಸರು ಹಿಡಿದು ಕರೆಯುವ ಗುರು ಬೇಕು, ದೊಡ್ಡ ಪ್ರಯೋಗಾಲಯ ಎಂ.ಎಸ್ಸಿ.ಗೆ ಬೇಕು. ಆ ಹೊತ್ತಿಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವಿದೆ. ಬೆಂಗಳೂರೂ ಎಲ್ಲಿಗೂ ಓಡಿಹೋಗುವುದಿಲ್ಲ.

ಸೋಮವಾರ ಬೆಳಗ್ಗೆ ಅಮ್ಮನನ್ನು ಕರೆದುಕೊಂಡು ಹೋಗಿ ಆ ಮೇಡಂ ಎದುರು ಕೂರಿಸು, ಅಲ್ಲೇ ಶುಲ್ಕ ಕಟ್ಟು. ಅಮ್ಮ ಬಳೆ ತೊಟ್ಟುಕೊಂಡೇ ಬರಲಿ.