ಓದುಗರ ಪ್ರಶ್ನೆ: ರಿಪ್ಪರ್ ಯಾರು, ಗೊತ್ತಾಯಿತೇ?

ಪ್ರಶ್ನೆ: 1888ರಲ್ಲಿ ಲಂಡನ್ನಿನಲ್ಲಿ ಹೆಂಗಸರನ್ನು ಕೊಂದು ಸಿಕ್ಕಿಬೀಳದೇ ಹೋದ ಜ್ಯಾಕ್ ದ ರಿಪ್ಪರ್ ಕೋಸ್ಮಿನ್‌ಸ್ಕಿ ಎಂಬ ಕ್ಷೌರಿಕನೇ ಎಂದು, ಅವನಿಗೆ ಬಲಿಯಾದವಳೊಬ್ಬಳದು ಎನ್ನುವ ಶಾಲಿನ ಡಿಎನ್‌ಎ ಸಾಬೀತು ಮಾಡಿದೆಯಂತೆ. ನಿಜವೇ?
– ಓದುಗರು, ಧಾರವಾಡ

ಉತ್ತರ: ಇಲ್ಲ. ಆ ಶಾಲು 1888ರ ಸೆಪ್ಟೆಂಬರ್ 30ರಂದು ಕೊಲೆಯಾದ ಕ್ಯಾಥರೀನ್ ಎಡೋಸ್‌ಳದು ಎನ್ನುವುದಕ್ಕೇ ಆಧಾರವಿಲ್ಲ. ಅವಳ ಮೈಮೇಲಿದ್ದದ್ದನ್ನೆಲ್ಲ ಪೊಲೀಸರು ಒಂದೂ ಬಿಡದೆ ಬರೆದಿಟ್ಟಿದ್ದಾರೆ: ಕಪ್ಪು ಟೊಪ್ಪಿಗೆ, ತುಪ್ಪಳದಂಚಿನ ಜಾಕೆಟ್, ಎರಡು ಮಣ್ಣಿನ ಚಿಲುಮೆ, ಒಂದು ಡಬ್ಬಿಯಲ್ಲಿ ಚಹಾಪುಡಿ, ಇನ್ನೊಂದರಲ್ಲಿ ಸಕ್ಕರೆ. ಚಹಾಪುಡಿ ಬರೆದವರು ಶಾಲು ಬಿಡುತ್ತಾರೆಯೇ?

ಇನ್ನು ಡಿಎನ್‌ಎ. ಪರೀಕ್ಷಿಸಿದ್ದು ತಾಯಿಯ ಕಡೆಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎ. ಒಂದೇ ಬಗೆಯದು ಸಾವಿರಾರು ಜನರಲ್ಲಿ ಇರಬಹುದು; ಅದು ಹೊಂದದಿದ್ದರೆ ಒಬ್ಬನನ್ನು ಕೈಬಿಡಬಹುದು, ಹೊಂದಿದರೆ ಇವನೇ ಎನ್ನಲಾಗದು. 2014ರಲ್ಲಿ ಎಡೋಸ್ ವಂಶಸ್ಥರೊಂದಿಗೆ ಹೊಂದಿತೆಂದ ಗುರುತು 2.9 ಲಕ್ಷಕ್ಕೊಬ್ಬರಲ್ಲಿ ಇರುವಂಥದ್ದೆಂದು ಪರೀಕ್ಷಿಸಿದವರು ಹೇಳಿದ್ದರು. ಗುರುತಿನ ಸಂಖ್ಯೆಯೇ ತಪ್ಪಾಗಿತ್ತು. 314.1ಸಿ ಎಂದದ್ದು 315.1ಸಿ ಆಗಬೇಕಿತ್ತು, ಅದು ಯುರೋಪಿಯನ್ನರಲ್ಲಿ ಶೇ. 99ಕ್ಕೂ ಹೆಚ್ಚು ಮಂದಿಯಲ್ಲಿದೆ.

ಪ್ರಶ್ನೆ: ಹಾಗಾದರೆ ಪೊಲೀಸ್ ಅಧಿಕಾರಿಯೇ ಬರೆದ ಮೂವರು ಶಂಕಿತರ ಪಟ್ಟಿಯನ್ನಾದರೂ ನಂಬಬಹುದಲ್ಲ?
– ಓದುಗರು, ಮೈಸೂರು

ಉತ್ತರ: ಮ್ಯಾಕ್‌ನಾಟನ್ ಅದನ್ನು ಬರೆದದ್ದು 1894ರ ಫೆಬ್ರವರಿಯಲ್ಲಿ. ಅವರು ಲಂಡನ್ ಪೊಲೀಸರ ಕೇಂದ್ರ ಕಚೇರಿಯಾದ ಸ್ಕಾಟ್ಲೆಂಡ್ ಯಾರ್ಡ್ ಸೇರಿದ್ದೇ 1889ರ ಜೂನ್‌ನಲ್ಲಿ, ಅಂದರೆ ರಿಪ್ಪರ್‌ನವೆನ್ನುವ ಐದು ಕೊಲೆಗಳೂ ಮುಗಿದ ಮೇಲೆ. ಪಟ್ಟಿಯಲ್ಲಿ ಮೊದಲಿಗ ಡ್ರೂಯಿಟ್. ಆತ ವೈದ್ಯನಂತೆ, ವಯಸ್ಸು 41ರ ಆಸುಪಾಸಂತೆ. ನಿಜದಲ್ಲಿ 31ರ ವಕೀಲ, ಶಾಲಾ ಶಿಕ್ಷಕ. 1888ರ ಡಿಸೆಂಬರ್ 31ರಂದು ಥೇಮ್ಸ್ ನದಿಯಲ್ಲಿ ಹೆಣ ಸಿಕ್ಕಿತು, ಕೊಲೆಗಳು ನಿಂತದ್ದೂ ಆ ಹೊತ್ತಿಗೇ, ಅದೇ ಅವನ ಮೇಲಿನ ಮುಖ್ಯ ಅನುಮಾನ. ಸೆಪ್ಟೆಂಬರ್ 8ರ ನಸುಕಿನಲ್ಲಿ ಆ್ಯನಿ ಚಾಪ್‌ಮನ್ ಕೊಲೆಯಾದರೆ, ಅದೇ ಬೆಳಿಗ್ಗೆ 11.30ಕ್ಕೆ ಬ್ಲ್ಯಾಕ್‌ಹೀತ್‌ನಲ್ಲಿ ಅವನದು ಕ್ರಿಕೆಟ್! ಇದರಿಂದ ನಿರಪರಾಧಿ ಎನ್ನಲಾಗದು. ನಡುವೆ ಐದಾರು ತಾಸು ಇತ್ತು.

ಪಟ್ಟಿಯ ಇನ್ನೊಬ್ಬ ಓಸ್ಟ್ರೋಗ್, ಕೊಲೆಗಳಾದಾಗ ಫ್ರಾನ್ಸ್ ಜೈಲಿನಲ್ಲಿದ್ದ. ಅವನ ಕಥೆ ಅಷ್ಟಕ್ಕೇ ಮುಗಿಯಿತು.

ಮೂವರಲ್ಲಿ ಸ್ವಲ್ಪ ತೂಕವಿರುವುದು ಕೋಸ್ಮಿನ್‌ಸ್ಕಿಗೇ. ತನಿಖೆಯ ಹೊಣೆ ಹೊತ್ತಿದ್ದ ಸ್ವಾನ್ಸನ್ ಕೂಡ ಪುಸ್ತಕವೊಂದರಲ್ಲಿ ಪೆನ್ಸಿಲಿನಿಂದ ಇದೇ ಹೆಸರು ಗೀಚಿದ್ದಾರೆ. ಆದರೆ ಆಸ್ಪತ್ರೆ ಸೇರಿ ಬೇಗನೇ ಸತ್ತನೆಂದೂ ಬರೆದಿದ್ದಾರೆ. ಆ್ಯರನ್ ಕೋಸ್ಮಿನ್‌ಸ್ಕಿ ಮಾನಸಿಕ ಆಸ್ಪತ್ರೆ ಸೇರಿದ್ದು 1891ರಲ್ಲಿ, ಸತ್ತದ್ದು 1919ರಲ್ಲಿ. ಇಬ್ಬರು ಅಧಿಕಾರಿಗಳು ಹೇಳುತ್ತಿದ್ದದ್ದು ಇವನನ್ನೇ, ಅಥವಾ ಇದೇ ಅಡ್ಡಹೆಸರಿನ ಬೇರೊಬ್ಬನನ್ನೇ ಎಂಬ ಅನುಮಾನ ಬರುವುದು ಇಲ್ಲಿಯೇ.